ರೈಲು ನೋಡಬೇಡಿ, ಗಡಿ ನೋಡಿ: ಕಾರವಾರದಿಂದ ಹೊರಡುವವರಿಗೆ ಮೂರು ದೇಶಾಂತರದ ದಾರಿ

ಕಳೆದ ತಿಂಗಳು ಸಿರ್ಸಿಯಿಂದ ಭಾವ ಬಂದಿದ್ದರು. ಕೆಲಸದಿಂದ ನಿವೃತ್ತರಾಗಿ ಆರು ತಿಂಗಳು. ಸಿಕ್ಕ ಹಣದಲ್ಲಿ ಒಂದು ಪಾಲನ್ನು ತಿರುಗಾಟಕ್ಕೆಂದೇ ಎತ್ತಿಟ್ಟಿದ್ದಾರೆ. ವಿಮಾನ ಅವರಿಗೆ ಆಗಿಬರುವುದಿಲ್ಲ, ಇಳಿಯುವಾಗ ಕಿವಿ ನೋವು. "ನಿಮ್ಮ ಕಾರವಾರದ ಶಿರವಾಡ ಸ್ಟೇಶನ್ನಿನಲ್ಲಿ ಹತ್ತಿದರೆ ನೆಲ ಬಿಡದೆ ಲಂಡನ್ ತನಕ ಹೋಗಬಹುದಂತೆ, ಹೌದಾ?" ಅಂತ ಕೇಳಿದರು.

ನಕ್ಷೆಯ ಮೇಲೆ ಹೌದು. ನಮ್ಮ ಪಾಸ್‌ಪೋರ್ಟ್ ಹಿಡಿದು ಹೊರಟರೆ ಇಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮೊದಲು, ಮುಚ್ಚಿದ ಬಾಗಿಲುಗಳು

ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಪಶ್ಚಿಮಕ್ಕೆ ಪಾಕಿಸ್ತಾನದ ಸಂಜೋತಾ ಎಕ್ಸ್‌ಪ್ರೆಸ್ 2019ರ ಆಗಸ್ಟ್‌ನಲ್ಲೇ ನಿಂತಿತು. ಉಳಿದಿದ್ದ ಅಟ್ಟಾರಿ ಗೇಟು 2025ರ ಏಪ್ರಿಲ್‌ನಲ್ಲಿ ಮುಚ್ಚಿತು. ಪೂರ್ವಕ್ಕೆ ಮಣಿಪುರದ ಮೋರೆಯಿಂದ ಮ್ಯಾನ್ಮಾರಿಗೆ ದಾಟಲು 2018ರಲ್ಲಿ ಪ್ರವಾಸಿಗರಿಗೆ ಅವಕಾಶ ಕೊಟ್ಟಿದ್ದರು. ಎರಡು ವರ್ಷ ಆಗುವಷ್ಟರಲ್ಲಿ ಕೊರೊನಾ ಬಂತು, 2021ರಲ್ಲಿ ಅಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಕೋಲ್ಕತ್ತಾ–ಢಾಕಾ ಮೈತ್ರಿ ಎಕ್ಸ್‌ಪ್ರೆಸ್ 2024ರ ಜುಲೈಯಲ್ಲಿ ನಿಂತಿತು. ನೇಪಾಳದಿಂದ ಟಿಬೆಟ್ಟಿಗೆ ಹೋಗುವ ರಸುವಾಗಢಿಯ ಸೇತುವೆ 2025ರ ಜುಲೈಯ ನೆರೆಯಲ್ಲಿ ಕೊಚ್ಚಿಹೋಯಿತು. ಅದಿದ್ದಾಗಲೂ ಒಬ್ಬೊಬ್ಬರೇ ಹೋಗುವ ಹಾಗಿರಲಿಲ್ಲ, ಗುಂಪು ಮತ್ತು ಪರ್ಮಿಟ್ ಬೇಕಿತ್ತು.

ಮಧ್ಯ ಏಷ್ಯಾದಿಂದ ಕ್ಯಾಸ್ಪಿಯನ್ ಸಮುದ್ರ ದಾಟಿ ಯುರೋಪಿಗೆ ಹೋಗೋಣ ಅಂದರೆ ನಡುವೆ ಅಜರ್‌ಬೈಜಾನ್ ಇದೆ. ಅವರು 2020ರಲ್ಲಿ ನೆಲದ ಗಡಿ ಮುಚ್ಚಿದವರು ವರ್ಷಗಟ್ಟಲೆ ಅವಧಿ ವಿಸ್ತರಿಸುತ್ತಲೇ ಬಂದಿದ್ದಾರೆ. ಹಳೇ ಪ್ರವಾಸ ಕಥನಗಳನ್ನು ಓದಿ ಆಸೆ ಪಟ್ಟವರಿಗೆ ಇದೇ ದೊಡ್ಡ ನಿರಾಸೆ.

ನಾನು ಕಂಡುಕೊಂಡಿದ್ದು ಒಂದೇ. ರೈಲು ಎಲ್ಲ ಕಡೆಯೂ ಚೆನ್ನಾಗೇ ಇರುತ್ತದೆ. ಹಾಸಿಗೆ ಸ್ವಲ್ಪ ಗಟ್ಟಿ, ಟೀ ಸ್ವಲ್ಪ ತೆಳು, ಅಷ್ಟೇ. ತಿರುಗಾಟ ಕೆಡುವುದು ಗಡಿಯಲ್ಲಿ. ಹಾಗಾಗಿ ಎರಡು ದಾರಿಗಳನ್ನು ಹೋಲಿಸುವಾಗ ಕಿಟಕಿಯ ಫೋಟೋ ನೋಡಬೇಡಿ. ಗಡಿಯಲ್ಲಿ ಎಷ್ಟು ಸಲ ಇಳಿಯಬೇಕು, ಯಾವ ಹೊತ್ತಿಗೆ, ಬ್ಯಾಗು ಯಾರು ಹೊರಬೇಕು, ಸೀಲು ಎಲ್ಲಿ ಹೊಡೆಯುತ್ತಾರೆ, ಇವಿಷ್ಟು ನೋಡಿ.

ಹಾಗೆ ಜರಡಿ ಹಿಡಿದ ಮೇಲೆ ನನ್ನ ಪಟ್ಟಿಯಲ್ಲಿ ಮೂರು ಉಳಿದವು: ನೇಪಾಳ–ಭೂತಾನ್, ಮಲೇಶ್ಯಾ–ಥಾಯ್ಲೆಂಡ್–ಲಾವೋಸ್, ಮತ್ತೆ ಕಝಾಕ್‌ಸ್ತಾನ್–ಉಜ್ಬೇಕಿಸ್ತಾನ್.

ನೇಪಾಳ–ಭೂತಾನ್: ಮನೆ ಬಾಗಿಲಿಂದಲೇ

ಮೂರರಲ್ಲಿ ನಿಜಕ್ಕೂ ನೆಲ ಬಿಡದೆ ಹೋಗಬಹುದಾದದ್ದು ಇದೊಂದೇ. ಕಾರವಾರದಲ್ಲಿ ಮತ್ಸ್ಯಗಂಧ ಅಥವಾ ನೇತ್ರಾವತಿ ಹತ್ತಿದರೆ ಮುಂಬೈನ ಲೋಕಮಾನ್ಯ ತಿಲಕ್ ಟರ್ಮಿನಸ್. ಅದೇ ಸ್ಟೇಶನ್ನಿಂದ ಗೋರಖಪುರಕ್ಕೆ ಕುಶಿನಗರ ಎಕ್ಸ್‌ಪ್ರೆಸ್ ಇದೆ. ಮುಂಬೈಯಲ್ಲಿ ಟ್ಯಾಕ್ಸಿ ಹಿಡಿದು ಸ್ಟೇಶನ್ ಬದಲಿಸುವ ರಗಳೆ ಇಲ್ಲ ಅನ್ನುವುದೇ ಇದರ ದೊಡ್ಡ ಗುಣ. ಆದರೆ ಎರಡು ರೈಲಿನ ನಡುವೆ ಕಡಿಮೆ ಅಂದರೂ ಐದಾರು ತಾಸು ಇಟ್ಟುಕೊಳ್ಳಿ. ಕೊಂಕಣ ರೈಲ್ವೆ ಹೆಚ್ಚಿನ ಕಡೆ ಒಂಟಿ ಹಳಿ. ಎದುರಿನ ಗಾಡಿಗೆ ದಾರಿ ಬಿಡುತ್ತಾ ನಿಂತರೆ ನಿಂತಿತು.

ಗೋರಖಪುರದ ಪ್ಲಾಟ್‌ಫಾರ್ಮು ಬಹಳ ವರ್ಷ ಜಗತ್ತಿನಲ್ಲೇ ಉದ್ದದ್ದು ಅನ್ನಿಸಿಕೊಂಡಿತ್ತು, 1366 ಮೀಟರ್. 2023ರಲ್ಲಿ ನಮ್ಮ ಹುಬ್ಬಳ್ಳಿ 1507 ಮೀಟರ್ ಕಟ್ಟಿ ಆ ಹೆಸರು ಕಿತ್ತುಕೊಂಡಿತು. ಅಲ್ಲಿ ಬ್ಯಾಗು ಎಳೆಯುತ್ತಾ ನಡೆಯುವಾಗ ಇದನ್ನು ನೆನೆದರೆ ಸ್ವಲ್ಪ ಸಮಾಧಾನ ಆಗುತ್ತದೆ.

ಗೋರಖಪುರದಿಂದ ಬಸ್ಸು ಅಥವಾ ಜೀಪಿನಲ್ಲಿ ಸುನೌಲಿ. ಗಡಿ ಅಂದರೆ ಒಂದು ಕಮಾನು, ಅದರಡಿ ಸೈಕಲ್ ರಿಕ್ಷಾ, ಲಾರಿ, ದನ, ಮದುವೆ ದಿಬ್ಬಣ. ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡ್ ಸಾಕು. ಆಧಾರ್ ಹಿಡಿದು ಹೋಗಿ ವಾದ ಮಾಡಬೇಡಿ. ದಾಟಿದ ಕೂಡಲೇ ಗಡಿಯಾರ 15 ನಿಮಿಷ ಮುಂದೆ ಮಾಡಿಕೊಳ್ಳಿ. ಅರ್ಧ ಗಂಟೆಯೂ ಅಲ್ಲ, ಒಂದು ಗಂಟೆಯೂ ಅಲ್ಲ, ಕಾಲು ಗಂಟೆ! ನಮ್ಮ 100 ರೂಪಾಯಿಗೆ ಅವರ 160, ಲೆಕ್ಕ ಬಾಯಲ್ಲೇ ಆಗುತ್ತದೆ. ಬುದ್ಧ ಹುಟ್ಟಿದ ಲುಂಬಿನಿ ಅಲ್ಲೇ ಹತ್ತಿರ. ಮೊದಲ ರಾತ್ರಿ ಅಲ್ಲಿ ಉಳಿದರೆ ರೈಲಿನ ಆಯಾಸ ಇಳಿಯುತ್ತದೆ.

ಮುಂದಿನ ಬಸ್ಸಿನ ದಾರಿ ಮಾತ್ರ ಸುಲಭವಲ್ಲ. 2024ರ ಜುಲೈಯಲ್ಲಿ ನಮ್ಮ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತಲ್ಲ, ಅದೇ ತಿಂಗಳು ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಕುಸಿದ ಗುಡ್ಡ ಎರಡು ಬಸ್ಸುಗಳನ್ನು ತ್ರಿಶೂಲಿ ನದಿಗೆ ತಳ್ಳಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ದಾರಿ ಬೇಡ. ರಾತ್ರಿ ಬಸ್ಸಂತೂ ಯಾವ ಕಾಲದಲ್ಲೂ ಬೇಡ ಅನ್ನುವುದು ನನ್ನ ಮಾತು. ಅಗ್ಗ ನಿಜ, ಆದರೆ ಹಗಲಲ್ಲಿ ಡ್ರೈವರ್ ಹೇಗೆ ಓಡಿಸುತ್ತಾನೆ ಅನ್ನುವುದಾದರೂ ಕಾಣುತ್ತದೆ.

ಕಾಠ್ಮಂಡುವಿನಿಂದ ಪೂರ್ವಕ್ಕೆ ಕಾಕರ್‌ಭಿಟ್ಟಾ, ಮೇಚಿ ಸೇತುವೆ ದಾಟಿದರೆ ಮತ್ತೆ ನಮ್ಮ ದೇಶ, ಸಿಲಿಗುರಿ. ಅಲ್ಲಿಂದ ರೈಲಿನಲ್ಲಿ ಹಾಸಿಮಾರ, ಆಮೇಲೆ ಜೈಗಾಂವ್. ರಸ್ತೆಯ ಈಚೆ ಜೈಗಾಂವ್, ಆಚೆ ಭೂತಾನಿನ ಫುಂಟ್‌ಶೋಲಿಂಗ್. ಈಚೆ ಹಾರ್ನಿನ ಗದ್ದಲ, ಆಚೆ ನಿಶ್ಶಬ್ದ. ಇಲ್ಲಿ ಪರ್ಮಿಟ್ ಮಾಡಿಸಬೇಕು. ಭಾರತೀಯರಿಗೆ ತಲೆಗೆ ಒಂದು ರಾತ್ರಿಗೆ 1200 ರೂಪಾಯಿ ಶುಲ್ಕ. ಇಬ್ಬರು ಆರು ರಾತ್ರಿ ಉಳಿದರೆ ಶುಲ್ಕವೇ 14,400. ಊಟ, ವಸತಿ ಬೇರೆ. ಈ ಲೆಕ್ಕ ಬಿಟ್ಟು "ಭೂತಾನ್ ಅಗ್ಗ" ಅನ್ನುವವರ ಮಾತು ನಂಬಬೇಡಿ.

ಈ ದಾರಿಯಲ್ಲಿ ದೇಶ ಕಡಿಮೆ, ರಸ್ತೆ ಜಾಸ್ತಿ. ಸೊಂಟ ನೋವಿರುವವರು ಎರಡು ಸಲ ಯೋಚಿಸಿ.

ಕ್ವಾಲಾಲಂಪುರದಿಂದ ಲುವಾಂಗ್ ಪ್ರಬಾಂಗ್: ನನ್ನ ಇಷ್ಟದ್ದು

ಇದಕ್ಕೆ ಬೆಂಗಳೂರಿನ ತನಕ ಪಂಚಗಂಗಾ ರೈಲಿನಲ್ಲಿ ಹೋಗಿ ಒಮ್ಮೆ ವಿಮಾನ ಹತ್ತಲೇಬೇಕು. ಸಿರ್ಸಿಯವರಿಗೆ ಹುಬ್ಬಳ್ಳಿಯೋ ತಾಳಗುಪ್ಪವೋ ಹತ್ತಿರ. ಹುಬ್ಬಳ್ಳಿ–ಅಂಕೋಲಾ ಹಳಿ ಬಂದ ಮೇಲೆ ನೋಡೋಣ ಅಂತ ಕೂತರೆ ಪಾಸ್‌ಪೋರ್ಟಿನ ಅವಧಿಯೇ ಮುಗಿದುಹೋಗುತ್ತದೆ.

ಸಿಂಗಾಪುರದಿಂದ ಶುರು ಮಾಡಿದರೆ ಪೂರ್ತಿ ಅನ್ನಿಸುತ್ತದೆ ಎಂದು ಹಲವರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಅಲ್ಲಿಗೆ ನಮಗೆ ವೀಸಾ ಬೇಕು, ಮಲೇಶ್ಯಾಕ್ಕೆ 2023ರ ಡಿಸೆಂಬರ್‌ನಿಂದ 30 ದಿನಕ್ಕೆ ವೀಸಾ ಬೇಡ. ಒಂದು ಗಡಿ ಕಡಿಮೆಯಾದರೆ ಒಂದು ತಲೆಬಿಸಿ ಕಡಿಮೆ. ಥಾಯ್ಲೆಂಡಿನವರು 2024ರ ಜುಲೈಯಲ್ಲಿ ನಮಗೆ 60 ದಿನದ ತನಕ ವೀಸಾ ಇಲ್ಲದೆ ಬಾಗಿಲು ತೆರೆದರು. ಇವೆಲ್ಲ ಆಗಾಗ ಬದಲಾಗುತ್ತವೆ, ಟಿಕೆಟ್ ತೆಗೆಯುವ ದಿನ ಮತ್ತೊಮ್ಮೆ ನೋಡಿಕೊಳ್ಳಿ. ಎರಡೂ ದೇಶಕ್ಕೆ ಆಗಮನದ ಕಾರ್ಡನ್ನು ಆನ್‌ಲೈನಿನಲ್ಲಿ ತುಂಬಬೇಕು. ಅದು ಪುಕ್ಕಟೆ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ. ನಾವು ಮೊದಲ ಸಲ ಅಂಥದ್ದೊಂದರಲ್ಲಿ ದುಡ್ಡು ಕಟ್ಟಿ ಮೂರ್ಖರಾದೆವು.

ಕ್ವಾಲಾಲಂಪುರದಿಂದ ಉತ್ತರಕ್ಕೆ ಇ.ಟಿ.ಎಸ್. ಎಂಬ ಕರೆಂಟಿನ ರೈಲು. ಇಲ್ಲಿನ ಹಳಿ ಮೀಟರ್ ಗೇಜು. ತಾಳಗುಪ್ಪಕ್ಕೆ ಮೊದಲು ಬರುತ್ತಿದ್ದ ಪುಟಾಣಿ ಗಾಡಿ ನೆನಪಿದೆಯಾ? ಅದೇ ಅಗಲ. ಅದರ ಮೇಲೆ ಇವರು 140 ಕಿ.ಮೀ. ವೇಗದಲ್ಲಿ ಓಡಿಸುತ್ತಾರೆ. ದಾರಿಯಲ್ಲಿ ಬಟರ್‌ವರ್ತ್‌ನಲ್ಲಿ ಇಳಿದು ದೋಣಿ ಹತ್ತಿದರೆ ಪೆನಾಂಗ್. ಕಾರವಾರದವರು ಇಲ್ಲಿ ಎರಡು ದಿನ ನಿಲ್ಲಲೇಬೇಕು. ಅಸಮ್ ಲಕ್ಸಾ ಅಂತ ಒಂದು ಮೀನಿನ ಸಾರು ಸಿಗುತ್ತದೆ. ಅದಕ್ಕೆ ಹಾಕುವ ಮೀನು ನಮ್ಮ ಬಂಗಡೆಯ ಜಾತಿಯದ್ದು. ಹುಳಿಗೆ ಒಣಗಿಸಿದ ಹಣ್ಣಿನ ಹೋಳು ಹಾಕುತ್ತಾರೆ, ಅದು ನಮ್ಮ ಉಪ್ಪಾಗೆ, ಮುರುಗಲಿನ ಬಳಗದ್ದು. ನನ್ನ ಹೆಂಡತಿ ಮೊದಲ ಚಮಚಕ್ಕೇ, "ಇದಕ್ಕೆ ತೆಂಗಿನಕಾಯಿ ಅರೆದು ಹಾಕಿದ್ದರೆ ನಮ್ಮನೆಯದ್ದೇ ಆಗುತ್ತಿತ್ತು" ಅಂದಳು.

ಗಡಿ ಇರುವುದು ಪಡಾಂಗ್ ಬೆಸಾರ್‌ನಲ್ಲಿ. ನಾನು ಕಂಡ ಗಡಿಗಳಲ್ಲಿ ಇದೇ ಸುಲಭದ್ದು. ಎರಡೂ ದೇಶದ ಕಚೇರಿ ಒಂದೇ ಸ್ಟೇಶನ್ನಿನೊಳಗೆ. ಇಲ್ಲಿ ಹೊರಗೆ ಹೋಗುವ ಸೀಲು, ಹತ್ತು ಹೆಜ್ಜೆ ಆಚೆ ಒಳಗೆ ಬರುವ ಸೀಲು. ಸಂಜೆ ಬ್ಯಾಂಕಾಕಿನ ರೈಲು ಹತ್ತಿದರೆ ಮಾರನೇ ದಿನ ಬೆಳಿಗ್ಗೆ ಇಳಿಯುತ್ತೀರಿ. ಒಂದು ಎಚ್ಚರಿಕೆ: ಮಲೇಶ್ಯಾ ಥಾಯ್ಲೆಂಡಿಗಿಂತ ಒಂದು ತಾಸು ಮುಂದಿದೆ. ಹೋಗುವಾಗ ಒಂದು ತಾಸು ಸಿಗುತ್ತದೆ, ಬರುವಾಗ ಕಳೆಯುತ್ತದೆ. ಬರುವಾಗ ನಾನು ಗಡಿಯಾರ ತಿರುಗಿಸಲು ಮರೆತು ಟೀ ಕುಡಿಯುತ್ತಾ ಕೂತಿದ್ದೆ. ನಮ್ಮ ರೈಲು ಕಣ್ಣೆದುರೇ ಹೊರಟುಹೋಯಿತು.

ಥಾಯ್ ರೈಲಿನ ಎರಡನೇ ದರ್ಜೆಯಲ್ಲಿ ಬರ್ತು ಕಿಟಕಿಯ ಉದ್ದಕ್ಕೆ, ನಮ್ಮ ಸೈಡ್ ಲೋವರ್ ಥರ. ಆದರೆ ಅದಕ್ಕಿಂತ ಅಗಲ. ರಾತ್ರಿ ಒಬ್ಬರು ಬಂದು ಹಾಸಿಗೆ ಹಾಸಿ, ಪರದೆ ಎಳೆದು ಕೊಡುತ್ತಾರೆ. ಕೆಳಗಿನದ್ದು ಮೇಲಿನದ್ದಕ್ಕಿಂತ ಅಗಲ, ನಾಲ್ಕು ಕಾಸು ಜಾಸ್ತಿ ಆದರೂ ಅದನ್ನೇ ತೆಗೆದುಕೊಳ್ಳಿ.

ಸಸ್ಯಾಹಾರಿಗಳಿಗೆ ಥಾಯ್ಲೆಂಡ್ ಕಷ್ಟ ಅನ್ನುವುದು ಅರ್ಧ ನಿಜ. ತರಕಾರಿ ಪಲ್ಯಕ್ಕೂ ನಾಮ್ ಪ್ಲಾ ಅನ್ನುವ ಮೀನಿನ ರಸ ಬೀಳುತ್ತದೆ. ಆದರೆ ಎರಡು ಪದ ಕಲಿತರೆ ಸಾಕು. ಒಂದು "ಮಂಗ್ಸವಿರತ್". ಬಿಡಿಸಿ ಓದಿ, ಮಾಂಸವಿರತಿ! ಇನ್ನೊಂದು "ಜೇ". ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಗಳು. ಅಲ್ಲಿ ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಿರ್ಸಿಯ ಭಾವನಂಥವರಿಗೆ ಹೇಳಿ ಮಾಡಿಸಿದ ಹಾಗೆ, ಅಲ್ವಾ?

ಬ್ಯಾಂಕಾಕಿನಿಂದ ಲಾವೋಸಿನ ರಾಜಧಾನಿ ವಿಯೆಂಟಿಯಾನ್‌ಗೆ 2024ರ ಜುಲೈಯಿಂದ ನೇರ ರಾತ್ರಿ ರೈಲಿದೆ. ನಾಂಗ್ ಖಾಯ್‌ನಲ್ಲಿ ಇಳಿದು ಥಾಯ್ ಸೀಲು, ಮತ್ತೆ ಹತ್ತಿ ಮೆಕಾಂಗ್ ನದಿ ದಾಟಿ ಆಚೆ ಲಾವೋಸಿನ ಸೀಲು. ವಿಯೆಂಟಿಯಾನ್‌ನಲ್ಲಿ ಎರಡು ಸ್ಟೇಶನ್ನು ಇವೆ, ಇದನ್ನು ಮರೆಯಬೇಡಿ. ಥಾಯ್ ಕಡೆಯಿಂದ ಬರುವ ಮೀಟರ್ ಗೇಜಿನದ್ದು ಒಂದು, ಚೀನಾದವರು ಕಟ್ಟಿದ, ಅದಕ್ಕಿಂತ ಅಗಲದ ಸ್ಟ್ಯಾಂಡರ್ಡ್ ಗೇಜಿನದ್ದು ಇನ್ನೊಂದು. ನಡುವೆ ವ್ಯಾನಿನಲ್ಲಿ ಹೋಗಬೇಕು.

ಈ ಎರಡನೆಯದ್ದೇ ಈ ದಾರಿಯ ಸೊಗಸು. 2021ರ ಡಿಸೆಂಬರ್ 3ಕ್ಕೆ ಶುರುವಾದ ಹಳಿ. ವಿಯೆಂಟಿಯಾನ್‌ನಿಂದ ಚೀನಾ ಗಡಿಯ ಬೋಟೆನ್ ತನಕ 75 ಸುರಂಗ. ನಮ್ಮ ಕೊಂಕಣ ರೈಲ್ವೆಯ 741 ಕಿ.ಮೀ.ಯಲ್ಲಿ 90ಕ್ಕೂ ಹೆಚ್ಚು ಸುರಂಗ ಇವೆ. ಇಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದೂರಕ್ಕೇ ಅಷ್ಟು. ಹೊರಗೆ ಕಾಡು, ಕತ್ತಲೆ, ಮತ್ತೆ ಕಾಡು. ಪಕ್ಕದಲ್ಲಿ ಕೂತ ಡೆಲ್ಲಿಯವರು ಹೋ ಅಂತ ಕೂಗುತ್ತಿದ್ದರು. ನಾವು ಸುಮ್ನೆ ಕೂತಿದ್ದೆವು, ಗೋಕರ್ಣ ರೋಡಿನಿಂದ ಹೊನ್ನಾವರಕ್ಕೆ ಹೋದ ಹಾಗಿತ್ತು. ರಸ್ತೆಯಲ್ಲಿ ಇಡೀ ದಿನ ಹಿಡಿಯುತ್ತಿದ್ದ ಲುವಾಂಗ್ ಪ್ರಬಾಂಗ್ ಎರಡು ತಾಸಿಗೆ ಬಂತು. ತಪಾಸಣೆ ವಿಮಾನ ನಿಲ್ದಾಣದ ಥರ. ಚಾಕು, ಕತ್ತರಿ, ಸ್ಪ್ರೇ ಡಬ್ಬಿ ಬಿಡುವುದಿಲ್ಲ. ಮಾವಿನಕಾಯಿ ಹೆಚ್ಚಲು ಇಟ್ಟುಕೊಂಡಿದ್ದ ಸಣ್ಣ ಚಾಕು ಅಲ್ಲೇ ಹೋಯಿತು.

ಚೀನಾ ವೀಸಾ ಇದ್ದರೆ ಅದೇ ಹಳಿಯಲ್ಲಿ ಕುನ್ಮಿಂಗ್ ತನಕ ಹೋಗಬಹುದು, ವಿಯೆಂಟಿಯಾನ್‌ನಿಂದ ಒಟ್ಟು 1035 ಕಿ.ಮೀ. ಭಾರತೀಯರಿಗೆ ಚೀನಾ 2025ರ ಜುಲೈಯಲ್ಲಿ ಮತ್ತೆ ಪ್ರವಾಸಿ ವೀಸಾ ಕೊಡಲು ಶುರು ಮಾಡಿತು. ಆದರೆ ಬೋಟೆನ್‌ನಲ್ಲಿ ಎಲ್ಲ ಸಾಮಾನಿನ ಜೊತೆ ಇಳಿಯಬೇಕು, ಆಚೆ ಮೋಹಾನ್‌ನಲ್ಲಿ ಮತ್ತೆ ಇಳಿಯಬೇಕು. ವಾಟ್ಸಾಪ್, ಗೂಗಲ್ ನಿಂತುಹೋಗುತ್ತವೆ. ಮೊದಲ ಸಲ ಹೋಗುವವರು ಲುವಾಂಗ್ ಪ್ರಬಾಂಗ್‌ನಿಂದಲೇ ತಿರುಗಿದರೆ ಏನೂ ಕಳೆದುಕೊಳ್ಳುವುದಿಲ್ಲ. ಕಾಂಬೋಡಿಯಾ ಸೇರಿಸೋಣ ಅಂದುಕೊಂಡವರು ನೋಡಿ, ಥಾಯ್–ಕಾಂಬೋಡಿಯಾ ಜಗಳದಲ್ಲಿ 2025ರ ನಡುವಿನಲ್ಲಿ ಆ ನೆಲದ ಗಡಿ ಮುಚ್ಚಿತು.

ಯಾವಾಗ ಹೋಗಬೇಕು? ದಕ್ಷಿಣ ಥಾಯ್ಲೆಂಡಿನಲ್ಲಿ ಮಳೆ ಜೋರಾಗಿ ಹೊಡೆಯುವುದು ನವೆಂಬರ್–ಡಿಸೆಂಬರ್‌ನಲ್ಲಿ. 2025ರ ನವೆಂಬರ್‌ನಲ್ಲಿ ಗಡಿ ಹತ್ತಿರದ ಹಾಟ್ ಯಾಯ್ ಊರು ಮುಳುಗಿತ್ತು. ಫೆಬ್ರವರಿ ಕೊನೆಯಿಂದ ಲಾವೋಸಿನಲ್ಲಿ ಗದ್ದೆ ಕಾಡು ಸುಡುವ ಹೊಗೆ. ಹಾಗಾಗಿ ಜನವರಿ, ಹೆಚ್ಚೆಂದರೆ ಫೆಬ್ರವರಿಯ ಮೊದಲ ಅರ್ಧ.

ಅಲ್ಮಾಟಿಯಿಂದ ಬುಖಾರಾ: ರೈಲು ಅಂದರೆ ರೈಲು

ಡೆಲ್ಲಿಯಿಂದ ಕಝಾಕ್‌ಸ್ತಾನದ ಅಲ್ಮಾಟಿಗೆ ವಿಮಾನ, ಉಜ್ಬೇಕಿಸ್ತಾನದ ತಾಷ್ಕೆಂಟಿನಿಂದ ಡೆಲ್ಲಿಗೆ ವಾಪಸ್. ಕಾರವಾರದಿಂದ ಡೆಲ್ಲಿಗೆ ಮಂಗಳಾ ಎಕ್ಸ್‌ಪ್ರೆಸ್ ಇದೆ. ಎರಡು ರೈಲು ಪ್ರವಾಸ ಒಂದರೊಳಗೆ ಮುಗಿದ ಹಾಗೆ. ಕಝಾಕ್‌ಸ್ತಾನಕ್ಕೆ 14 ದಿನ ವೀಸಾ ಬೇಡ. ಉಜ್ಬೇಕಿಸ್ತಾನಕ್ಕೆ ಇ-ವೀಸಾ 20 ಡಾಲರ್, ಫೋಟೋ ಸರಿ ಇದ್ದರೆ ಮನೆಯಲ್ಲೇ ಕೂತು ಆಗುತ್ತದೆ.

ಇಲ್ಲಿಯ ಬೋಗಿಗಳು ಸೋವಿಯತ್ ಕಾಲದ ನಮೂನೆಯವು. ಎರಡು ಬಗೆ. "ಕುಪೆ" ಅಂದರೆ ನಾಲ್ಕು ಬರ್ತಿನ, ಬಾಗಿಲಿರುವ ಕೋಣೆ. "ಪ್ಲಾತ್ಸ್‌ಕಾರ್ತ್" ಅಂದರೆ ನಮ್ಮ ಸ್ಲೀಪರ್ ಥರ ತೆರೆದ ಬೋಗಿ, 54 ಬರ್ತು, ಆದರೆ ಎರಡೇ ಅಂತಸ್ತು. ಕುಪೆಯಲ್ಲಿ ನೆಮ್ಮದಿ, ಪ್ಲಾತ್ಸ್‌ಕಾರ್ತ್‌ನಲ್ಲಿ ಜನ. ಹಗಲಿಗೆ ಎರಡನೆಯದ್ದು, ರಾತ್ರಿ ಗಡಿ ದಾಟುವಾಗ ಮೊದಲನೆಯದ್ದು ತೆಗೆದುಕೊಳ್ಳಿ ಅನ್ನುತ್ತೇನೆ. ಪ್ರತಿ ಬೋಗಿಯ ತುದಿಯಲ್ಲಿ ಬಿಸಿನೀರಿನ ಹಂಡೆ ಇರುತ್ತದೆ, ದಿನವಿಡೀ ಕುದಿಯುವ ನೀರು. ಅವಲಕ್ಕಿ, ಗೊಜ್ಜಿನ ಪುಡಿ, ಒಂದು ಸ್ಟೀಲ್ ಡಬ್ಬಿ ಇದ್ದರೆ ಊಟದ ಚಿಂತೆ ಅರ್ಧ ಹೋಯಿತು.

ಗಡಿ ದಾಟುವುದು ಸರಿಯಾಗಷ್‌ನಲ್ಲಿ. ಇಳಿಯಬೇಕಿಲ್ಲ, ಅಧಿಕಾರಿಗಳೇ ಬೋಗಿಗೆ ಹತ್ತಿ ಬರುತ್ತಾರೆ. ಬರ್ತಿನ ಮೇಲೆ ಕೂತೇ ಸೀಲು ಹಾಕಿಸಿಕೊಳ್ಳಬಹುದು. ಕೇಳಲು ಸುಖ. ಆದರೆ ಮೊದಲು ಕಝಾಕರು, ಆಮೇಲೆ ಉಜ್ಬೇಕರು, ನಡುವೆ ಸಾಮಾನು ಬಿಚ್ಚಿ ನೋಡುವವರು. ನಿದ್ದೆ ಮಾಡಲು ಬಿಡುವುದಿಲ್ಲ. ಆ ಹೊತ್ತಿನಲ್ಲಿ ಕಕ್ಕಸಿಗೂ ಬೀಗ. ಮೊದಲೇ ಹೋಗಿ ಬನ್ನಿ. ನಗಬೇಡಿ, ಈ ಒಂದು ಮಾತಿಗೆ ನೀವು ನನ್ನನ್ನು ನೆನೆಯುತ್ತೀರಿ. ಮಾತ್ರೆಗಳಿದ್ದರೆ ಡಾಕ್ಟರ ಚೀಟಿ ಜೊತೆಗಿರಲಿ. ನಿದ್ದೆ ಮಾತ್ರೆ, ಜೋರು ನೋವಿನ ಮಾತ್ರೆಗಳ ಬಗ್ಗೆ ಉಜ್ಬೇಕರು ಬಿಗಿ.

ತಾಷ್ಕೆಂಟಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1966ರ ಜನವರಿ 11ರಂದು ತೀರಿಕೊಂಡರು. ಅವರ ಹೆಸರಿನ ಬೀದಿ, ಪುತ್ಥಳಿ ಅಲ್ಲಿದೆ. ಅಲ್ಲಿಂದ ಸಮರಖಂದಕ್ಕೆ ಅಫ್ರೋಸಿಯಾಬ್ ವೇಗದ ರೈಲು 344 ಕಿ.ಮೀ.ಯನ್ನು ಎರಡು ತಾಸು ಚಿಲ್ಲರೆಯಲ್ಲಿ ಮುಗಿಸುತ್ತದೆ. ಇದರ ಟಿಕೆಟ್ ನಮ್ಮ ತತ್ಕಾಲ್ ಥರ ಮಾಯವಾಗುತ್ತದೆ. ಬುಕಿಂಗ್ ತೆರೆದ ದಿನವೇ ತೆಗೆಯಿರಿ. ಸಿಗದಿದ್ದರೆ ನಿಧಾನದ ರೈಲಿದೆ, ಅದರಲ್ಲಿ ಮಾತಾಡುವವರು ಜಾಸ್ತಿ ಸಿಗುತ್ತಾರೆ. ಹೋಟೆಲ್ಲಿನವರು ಕೊಡುವ ನೋಂದಣಿ ಚೀಟಿ ಬಿಸಾಡಬೇಡಿ.

ಊಟದ ವಿಷಯಕ್ಕೆ ಈ ದಾರಿ ಮೂರರಲ್ಲೂ ಕಷ್ಟದ್ದು. ಎಲ್ಲದರಲ್ಲೂ ಕುರಿ, ದನ. "ಗೋಶ್ತ್‌ಸಿಝ್" ಅಂದರೆ ಮಾಂಸ ಇಲ್ಲದ್ದು. ಗೋಶ್ತ್ ನಮಗೂ ಗೊತ್ತಿರುವ ಪದವೇ. ನಾನ್, ಚಾಯ್ ಕೂಡ ಹಾಗೇ. ಇದೇ ಧೈರ್ಯದಲ್ಲಿ ನಾನು "ಸಬ್ಜಿ" ಕೇಳಿದೆ. ಒಂದು ತಟ್ಟೆ ಕ್ಯಾರೆಟ್ ತಂದಿಟ್ಟರು. ಉಜ್ಬೇಕರಿಗೆ ಸಬ್ಜಿ ಅಂದರೆ ಗಜ್ಜರಿ! ಆಮೇಲೆ ನಾನ್, ಮೊಸರು, ಕಲ್ಲಂಗಡಿ, ಜೊತೆಗೆ ಮನೆಯ ಅಪ್ಪೆಮಿಡಿ. ಹತ್ತು ದಿನ ಹಾಗೇ ನಡೆಯಿತು, ಯಾರೂ ಸೊರಗಲಿಲ್ಲ.

ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್–ಅಕ್ಟೋಬರ್ ಸರಿಯಾದ ಕಾಲ. ಜುಲೈ ಬಿಸಿಲಿಗೆ ಕರಾವಳಿಯ ನಾವೂ ತಡೆಯುವುದಿಲ್ಲ.

ಸೈಬೀರಿಯಾ, ಯುರೋಪ್ ಯಾಕಿಲ್ಲ?

ಮಾಸ್ಕೋ–ವ್ಲಾದಿವೊಸ್ತೋಕ್ 9288 ಕಿ.ಮೀ. ಹೆಸರು ದೊಡ್ಡದು, ಆದರೆ ಅಷ್ಟೂ ಒಂದೇ ದೇಶ. ಮಾಸ್ಕೋ–ಬೀಜಿಂಗ್ ನೇರ ರೈಲು 2020ರಲ್ಲಿ ನಿಂತಿತು. ನಮ್ಮ ಬ್ಯಾಂಕಿನವರು ಕೊಡುವ ವೀಸಾ, ಮಾಸ್ಟರ್ ಕಾರ್ಡುಗಳು 2022ರಿಂದ ರಷ್ಯಾದಲ್ಲಿ ನಡೆಯುವುದಿಲ್ಲ. ವಾರಗಟ್ಟಲೆಗೆ ಬೇಕಾಗುವ ನೋಟು ಸೊಂಟಕ್ಕೆ ಕಟ್ಟಿಕೊಂಡು ತಿರುಗಲು ನನಗೆ ಧೈರ್ಯ ಇಲ್ಲ.

ಯುರೋಪಿನಲ್ಲಿ ಯುರೇಲ್ ಅನ್ನುವ ಒಂದೇ ರೈಲು ಪಾಸು 33 ದೇಶಕ್ಕೆ ನಡೆಯುತ್ತದೆ, ಒಂದೇ ವೀಸಾದಲ್ಲಿ ತಿರುಗಬಹುದಾದ ಷೆಂಗೆನ್ ದೇಶಗಳ ಒಳಗೆ ಗಡಿಯ ಕಾಟವೇ ಕಡಿಮೆ. ಅಲ್ಲಿ ಗಡಿ ಇರುವುದು ಹೊರಡುವ ಮೊದಲೇ, ವೀಸಾ ಕೇಂದ್ರದ ಸಾಲಿನಲ್ಲಿ. 90 ಯೂರೋ ಶುಲ್ಕ, ಬೇಡ ಅಂದರೆ ವಾಪಸಿಲ್ಲ. ವೇಗದ ರೈಲಿಗೆ ಪಾಸಿನ ಮೇಲೆ ಸೀಟಿನ ದುಡ್ಡು ಬೇರೆ. ಮಗನೋ ಮಗಳೋ ಅಲ್ಲಿದ್ದರೆ ಹೋಗಿ.

ಹಾಗಾದರೆ ಯಾವುದು?

ಪಾಸ್‌ಪೋರ್ಟೇ ಇಲ್ಲ, ಅಥವಾ ವಿಮಾನ ಬೇಡ ಅಂದರೆ ನೇಪಾಳ–ಭೂತಾನ್, ಬೇರೆ ಮಾತೇ ಇಲ್ಲ. ಕೈಯಲ್ಲಿ ಎರಡು ವಾರ, ಮೊದಲ ವಿದೇಶ, ಮೀನು ತಿನ್ನುವ ಮನೆ ಅಂದರೆ ಮಲೇಶ್ಯಾ–ಲಾವೋಸ್. ರೈಲಿನ ಹುಚ್ಚಿರುವವರಿಗೆ, ಊಟಕ್ಕೆ ಹಠ ಇಲ್ಲದವರಿಗೆ ಉಜ್ಬೇಕಿಸ್ತಾನ್. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೂ ನಾನು ಎರಡನೆಯದ್ದನ್ನೇ ಹೇಳುತ್ತೇನೆ, ಯಾವ ದಿನವೂ ತೀರಾ ಉದ್ದವಾಗುವುದಿಲ್ಲ.

ಭಾವ ಕಿವಿ ಮುಟ್ಟಿ ನೋಡಿಕೊಂಡು ಮೊದಲನೆಯದ್ದನ್ನು ಆರಿಸಿದರು. ದಸರೆ ಕಳೆದ ಮೇಲೆ ಹೊರಡುತ್ತಾರೆ. ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಅಕ್ಟೋಬರ್ ತನಕ ಇರುತ್ತದೆ, 2025ರಲ್ಲಿ 20ನೇ ತಾರೀಕಿನ ತನಕ ಇತ್ತು. ಹೋಗುವಾಗ ಒಂದು ಸಮಯ, ವಾಪಸ್ ಬರುವಾಗ ಇನ್ನೊಂದು. ಎರಡೂ ಟಿಕೆಟಿನ ಸಮಯಕ್ಕೆ ಕೆಂಪು ಪೆನ್ನಲ್ಲಿ ಗೆರೆ ಎಳೆದು ಕೊಟ್ಟಿದ್ದೇನೆ. ವೋಟರ್ ಕಾರ್ಡು ಎಲ್ಲಿಟ್ಟಿದ್ದೇನೆ ಅಂತ ಅವರಿನ್ನೂ ಹುಡುಕುತ್ತಿದ್ದಾರಂತೆ.